ಸೋತವರು ಬರೆದ ನಲವತ್ತಮೂರು ಪುಸ್ತಕಗಳು

ಟೀಚರು ತಮ್ಮ ಟೈಪಿಂಗ್ ಶಾಲೆಯನ್ನು ತೆರೆದದ್ದು 1983ನೆಯ ಇಸವಿ ಮಾರ್ಚ್ ಹದಿನಾಲ್ಕರಂದು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ. ಅದು 1984 ಎಂದು ವಾದಿಸುವವರು ಆ ಬೀದಿಯಲ್ಲಿ ಇಂದಿಗೂ ಇಬ್ಬರು ಮೂವರಿದ್ದಾರೆ. ಅವರ ನೆನಪು ಅವರಿಗೆ ಕೈಕೊಟ್ಟಿದೆ. ಬಾಗಿಲ ಮೇಲಿನ ಹಲಗೆಯನ್ನು ಬರೆದ ಪೇಂಟರ್ ಕೆಳಗಿನ ಮೂಲೆಯಲ್ಲಿ ತಾರೀಖು ನಮೂದಿಸಿದ್ದಾನೆ, ಅದು ಈಗಲೂ ಓದಲು ಬರುತ್ತದೆ. ಔಷಧದಂಗಡಿಯ ಮಹಡಿಯ ಮೇಲೆ ಉದ್ದನೆಯ ಒಂದೇ ಕೋಣೆ, ಬೀದಿಯ ಕಡೆಗೆ ಮೂರು ಕಿಟಕಿ, ಎರಡು ಸಾಲಿನಲ್ಲಿ ಹದಿನೆಂಟು ಟೈಪ್‌ರೈಟರ್‌ಗಳು, ಗೋಡೆಗೆ ಒರಗಿಸಿದ ಒಂದು ಬೆಂಚು. ಟೀಚರ ಯಜಮಾನರು ದೂರದ ಊರುಗಳಿಗೆ ಹೋಗುವ ಬಸ್ಸಿನ ಚಾಲಕರಾಗಿದ್ದುದರಿಂದ ಮನೆಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಅವರ ತಂಗಿ, ಅಂದರೆ ಟೀಚರ ನಾದಿನಿ, ಬಾಗಿಲ ಬಳಿಯ ಮೇಜಿನಲ್ಲಿ ಕುಳಿತು ಬಂದವರ ಹೆಸರು ಬರೆದುಕೊಳ್ಳುತ್ತಿದ್ದಳು. ಹೆಸರಿನ ಜೊತೆಗೆ ಒಂದು ಚುಚ್ಚುಮಾತನ್ನೂ ಬಿಟ್ಟಿ ಕೊಟ್ಟು ಕಳಿಸುವುದು ಅವಳ ಪದ್ಧತಿ.

ಟೀಚರ ಪದ್ಧತಿ ಬೇರೆ. ಬಡಿದ ಹಾಳೆಯಲ್ಲಿ ತಪ್ಪು ಬಿದ್ದರೆ ಅದನ್ನು ಅವರು ಗುರುತಿಸುತ್ತಿರಲಿಲ್ಲ. ಬಡಿದವರೇ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಬೇಕು. ತಪ್ಪು ಏಕಾಯಿತೆಂದು ಅಡಿಯಲ್ಲಿ ಒಂದು ವಾಕ್ಯ ಬರೆಯಬೇಕು. ಹಾಳೆಯನ್ನು ಗೋಡೆಯ ಉದ್ದಕ್ಕೂ ಕಟ್ಟಿದ ದಾರಕ್ಕೆ ಸಿಕ್ಕಿಸಬೇಕು. "ಯಂತ್ರ ಸರಿಯಿಲ್ಲ" ಎಂದು ಬರೆಯುವ ಧೈರ್ಯ ಮಾಡಿದವರಿಗಾಗಿ ಟೀಚರು ಅದೇ ಯಂತ್ರದ ಮುಂದೆ ಕುಳಿತು, ಕಣ್ಣು ಮುಚ್ಚಿಕೊಂಡು, ಒಂದು ಇಡೀ ಪುಟವನ್ನು ತಪ್ಪಿಲ್ಲದೆ ಬಡಿದು ಕೈಗಿಡುತ್ತಿದ್ದರು. ಬಳಿಕ ಆ ವಿದ್ಯಾರ್ಥಿ ಯಂತ್ರದ ಸುದ್ದಿ ಎತ್ತುತ್ತಿರಲಿಲ್ಲ.

ಹದಿನೈದು ವರ್ಷ ಹೀಗೆ ನಡೆಯಿತು. ಆಮೇಲೆ ಟೈಪ್‌ರೈಟರ್‌ಗಳ ಕಾಲ ಮುಗಿಯಿತು. 1998ರ ಆಗಸ್ಟ್ ಮೂರರಂದು, ವಿಮಾ ಕಚೇರಿಯೊಂದು ಬದಲಾಯಿಸಿ ಬದಿಗಿಟ್ಟಿದ್ದ ಹನ್ನೆರಡು ಕಂಪ್ಯೂಟರ್‌ಗಳು ಮಹಡಿ ಹತ್ತಿ ಬಂದವು. ಕಲಿಯಲು ಬಂದವರು ಪಾಠ ಮುಗಿದ ಮೇಲೂ ಏಳದೆ ಕುಳಿತಿರುವುದನ್ನು ಟೀಚರು ಕೆಲವು ತಿಂಗಳು ಕಂಡೂ ಕಾಣದಂತಿದ್ದರು. 1999ರ ಜೂನ್ ಏಳರ ಸೋಮವಾರ ಮಧ್ಯಾಹ್ನ ಮಾತ್ರ ಎದ್ದುಹೋಗಿ ಇಬ್ಬರು ಕಾಲೇಜು ಹುಡುಗರ ಬೆನ್ನ ಹಿಂದೆ ನಿಂತುಕೊಂಡರು. ಪರದೆಯ ಮೇಲೆ ಎರಡು ಕೋಟೆ. ಪುಟ್ಟ ಪುಟ್ಟ ಆಳುಗಳು ಮರ ಕಡಿಯುತ್ತಿದ್ದಾರೆ, ಕಲ್ಲು ಹೊರುತ್ತಿದ್ದಾರೆ, ಗೋಡೆ ಕಟ್ಟುತ್ತಿದ್ದಾರೆ. ನಡುನಡುವೆ ಒಬ್ಬರ ಸೈನ್ಯ ಇನ್ನೊಬ್ಬರ ಕೋಟೆಗೆ ನುಗ್ಗುತ್ತಿದೆ. ಎದುರಾಳಿಯ ಕೋಟೆ ಕೆಡವಿದವರಿಗೆ ಗೆಲುವು.

"ಏನಿದು?" ಎಂದರು ಟೀಚರು.

"ಆಟ, ಟೀಚರ್. ಈಗ್ಲೇ ನಿಲ್ಲಿಸಿಬಿಡ್ತೀವಿ."

"ಆಟ ಅಂತ ನನಗೂ ಕಾಣುತ್ತೆ. ಎರಡೇ ಬೆರಳಲ್ಲಿ ಯಾಕೆ ಆಡ್ತಿದೀರಿ? ಉಳಿದ ಎಂಟು ಏನು ಬಾಡಿಗೆಗೆ ತಂದಿದ್ದಾ?"

ಬಾಗಿಲ ಬಳಿಯಿಂದ ನಾದಿನಿ ಕತ್ತು ನೀಡಿ ನೋಡುತ್ತಿದ್ದಳು. ಟೀಚರು ಕುರ್ಚಿ ಎಳೆದುಕೊಂಡು ಕುಳಿತು ಎಡಗೈ ಎಲ್ಲಿರಬೇಕು, ಬಲಗೈ ಎಲ್ಲಿರಬೇಕು ಎಂದು ತೋರಿಸತೊಡಗಿದಾಗ ಅವಳಿಗೆ ತಡೆಯಲಾಗಲಿಲ್ಲ. "ಅಲ್ಲ ಅತ್ತಿಗೆ, ನೀವು ಬೈದು ಓಡಿಸ್ತೀರಿ ಅಂತ ನಾನು ಚಪ್ಪಲಿ ದಾರಿಯಿಂದ ಪಕ್ಕಕ್ಕೆ ಸರಿಸಿಟ್ಟೆ. ನೀವು ನೋಡಿದ್ರೆ ಜಾಗ ಹಿಡಿದು ಕೂತ್ರಿ."

"ಆಟ ಆಡೋದು ಅವರಿಷ್ಟ. ಕೆಟ್ಟದಾಗಿ ಆಡೋದನ್ನ ನನ್ನ ಕೋಣೆಯಲ್ಲಿ ನೋಡೋಕಾಗಲ್ಲ," ಎಂದರು ಟೀಚರು.

ಎಂಟು ವಾರಗಳ ನಂತರ, ಆಗಸ್ಟ್ ಎರಡರಂದು, ಸೋತ ಒಬ್ಬ ದರ್ಜಿ ಮೌಸನ್ನು ಮೇಜಿಗೆ ಕುಕ್ಕಿ "ಇದು ಸತ್ತಿದೆ, ಅದಕ್ಕೇ ಸೋತೆ" ಎಂದು ಕೂಗಾಡಿದ. ಟೀಚರು ಕಪಾಟಿನಿಂದ ಗೆರೆ ಎಳೆದ ದಪ್ಪ ರಟ್ಟಿನ ಪುಸ್ತಕವೊಂದನ್ನು ತೆಗೆದು ಅವನ ಮುಂದಿಟ್ಟರು. ನಿಯಮಗಳು ಅಂದೇ ನಿಗದಿಯಾದವು, ಇಂದಿನವರೆಗೂ ಒಂದಕ್ಷರ ಬದಲಾಗಿಲ್ಲ. ಸೋತವರು ಏಳುವ ಮುನ್ನ ತಾರೀಖು, ವೇಳೆ, ಎದುರಾಳಿ ಯಾರೆಂಬುದನ್ನು ಬರೆದು, ತಾವು ಮಾಡಿದ ಯಾವ ಕೆಲಸದಿಂದ ಸೋತೆವೆಂಬುದನ್ನು ಸ್ವಂತ ಕೈಬರಹದಲ್ಲಿ ದಾಖಲಿಸಬೇಕು. ಯಂತ್ರ, ಕುರ್ಚಿ, ಬೆಳಕು, ಅದೃಷ್ಟ ಇವುಗಳ ಮೇಲೆ ಹೊರೆ ಹಾಕುವಂತಿಲ್ಲ. ಪುಸ್ತಕವನ್ನು ಯಾರು ಬೇಕಾದರೂ ಓದಬಹುದು.

ದರ್ಜಿ ಹತ್ತು ನಿಮಿಷ ಪೆನ್ನು ಕಚ್ಚುತ್ತ ಕುಳಿತಿದ್ದು ಕೊನೆಗೆ ಬರೆದ: "ಮರ ಕಡಿಯಲು ಆರು ಆಳು ಸಾಕಿತ್ತು. ಒಂಬತ್ತು ಕಳಿಸಿದೆ. ಗೋಡೆಗೆ ಜನ ಸಾಲಲಿಲ್ಲ." ಮೊದಲ ಪುಸ್ತಕದ ಮೊದಲ ಸಾಲು ಇದೇ.

ಆ ಮೇಲೆ ಸಾಲುಗಳು ಬೆಳೆದವು. "ಎದುರಾಳಿ ನನ್ನ ಸೋದರಮಾವ, ದಾಕ್ಷಿಣ್ಯಕ್ಕೆ ಬಿದ್ದೆ." "ಗೆದ್ದೇ ಬಿಟ್ಟೆ ಎಂದುಕೊಂಡು ಹಿಂದೆ ನಿಂತವರ ಜೊತೆ ಹರಟಿದೆ." "ಹೆದರಿ ಗೋಡೆಯ ಮೇಲೆ ಗೋಡೆ ಕಟ್ಟಿದೆ, ಸೈನ್ಯ ಕಟ್ಟಲಿಲ್ಲ." ಪಾಳಿಗಾಗಿ ಬೆಂಚಿನ ಮೇಲೆ ಕಾಯುವ ದಾದಿಯರು, ಕಾಲೇಜಿನವರು, ಶಾಲಾ ಬಸ್ಸಿನ ಚಾಲಕರು ವಾರಪತ್ರಿಕೆ ಓದುವಂತೆ ಪರರ ಸೋಲುಗಳನ್ನು ಓದುತ್ತಿದ್ದರು, ಗದ್ದಲ ಮಾಡಿ ನಗುತ್ತಿದ್ದರು, ನಕ್ಕು ಹೋಗಿ ಕುಳಿತಾಗ ಆ ತಪ್ಪನ್ನು ತಾವು ಮಾಡುತ್ತಿರಲಿಲ್ಲ. ಹೊಸದಾಗಿ ಮಹಡಿ ಹತ್ತಿದವನು ಒಂದು ತಿಂಗಳಲ್ಲಿ ಹತ್ತು ವರ್ಷದ ಸೋಲುಗಳನ್ನು ಕಲಿತು ಮುಗಿಸುತ್ತಿದ್ದ. ರಾತ್ರಿ ಎಂಟಕ್ಕೆ ಸರಿಯಾಗಿ ದೀಪ ಆರುತ್ತಿತ್ತು. ನಿಮಿಷ ಮೀರಿ ಆಡಲು ಟೀಚರು ಯಾರಿಗೂ ಬಿಟ್ಟವರಲ್ಲ.

ಟೀಚರ ಹಳೆಯ ವಿದ್ಯಾರ್ಥಿಗಳು ಬೇರೆ ಬೇರೆ ಊರುಗಳಲ್ಲಿ ಆಟದ ಕೋಣೆಗಳನ್ನು ತೆರೆದಾಗ ಈ ಪುಸ್ತಕದ ಪದ್ಧತಿಯನ್ನೂ ಹೊತ್ತುಕೊಂಡು ಹೋದರು. 2011ರ ಹೊತ್ತಿಗೆ ಅಂಥ ಕೋಣೆಗಳು ಮೂವತ್ತೊಂದು ಇದ್ದವು. ಅಷ್ಟರೊಳಗೆ ಒಂದು ಸೋಜಿಗ ನಡೆದುಹೋಗಿತ್ತು. ಕೋಟೆ ಆಟದ ಅಂತರರಾಷ್ಟ್ರೀಯ ಪಂದ್ಯಾವಳಿಯಲ್ಲಿ, 2004ರಿಂದ 2010ರವರೆಗಿನ ಏಳು ವರ್ಷಗಳಲ್ಲಿ, ಈ ಪುಟ್ಟ ದೇಶ ನಾಲ್ಕು ಬಾರಿ ಪ್ರಶಸ್ತಿಯ ಬಟ್ಟಲು ಗೆದ್ದಿತ್ತು. ಇದರ ಐವತ್ತು ಪಟ್ಟು ಜನಸಂಖ್ಯೆಯ, ನೂರು ಪಟ್ಟು ಕಂಪ್ಯೂಟರ್‌ಗಳ ದೇಶಗಳು ಮುಖ ಮುಖ ನೋಡಿಕೊಂಡವು.

ಕಾರಣ ಹೇಳುವವರಿಗೆ ಮಾತ್ರ ಬರವಿರಲಿಲ್ಲ. ನೆಲದಡಿಯಲ್ಲಿ ತಾವು ಎಳೆದ ತಂತಿಯ ವೇಗವೇ ಕಾರಣವೆಂದು ದೂರವಾಣಿ ಇಲಾಖೆಯ ಎಂಜಿನಿಯರು ಎದೆ ತಟ್ಟಿಕೊಂಡರು. ಆ ತಂತಿ ಪಕ್ಕದ ದೇಶದ ತಂತಿಯ ಅರ್ಧದಷ್ಟೂ ವೇಗದ್ದಲ್ಲ. ನಮ್ಮ ಜನರ ಬೆರಳು ಉದ್ದ ಎಂದು ಒಬ್ಬ ವೈದ್ಯರು ಪತ್ರಿಕೆಯಲ್ಲಿ ಬರೆದರು. ಕುರ್ಚಿ ಮಾರುವವನು ತನ್ನ ಕುರ್ಚಿಯೇ ಕಾರಣವೆಂದು ಅಂಗಡಿಯ ಮುಂದೆ ಬಟ್ಟೆಯ ಬ್ಯಾನರ್ ಕಟ್ಟಿದ. ರಾಜಧಾನಿಯ ವಿಡಿಯೋ ಗೇಮ್ ಕ್ರೀಡಾ ಸಂಘದ ಕಾರ್ಯದರ್ಶಿಗಳು ಎಲ್ಲವೂ ಸಂಘದ ಪಂಚವಾರ್ಷಿಕ ಯೋಜನೆಯ ಫಲವೆಂದರು. ಸಂಘ ಹುಟ್ಟಿದ್ದು 2008ರ ಏಪ್ರಿಲ್‌ನಲ್ಲಿ, ಅಂದರೆ ಎರಡು ಬಟ್ಟಲುಗಳು ಮನೆ ಸೇರಿದ ಮೇಲೆ. ಔಷಧದಂಗಡಿಯ ಮಹಡಿಗೆ ಬಂದು ಕೇಳಿದವರು ಯಾರೂ ಇಲ್ಲ.

ಕೇಳಲು ಬಂದವರು ಹೊರಗಿನವರು. 2011ರ ಸೆಪ್ಟೆಂಬರ್ ಹನ್ನೆರಡರ ಸೋಮವಾರ, ಹತ್ತೂಕಾಲು ಗಂಟೆಗೆ, ಪಕ್ಕದ ದೇಶದ ತಂಡದ ತರಬೇತುದಾರರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಬೂಟು ಬಿಚ್ಚಿದರು. ಐವತ್ತರ ಆಸುಪಾಸಿನ ಎತ್ತರದ ಮನುಷ್ಯ, ಮೃದು ಮಾತು. ಅವರ ತಾಯಿ ಈ ಕಡೆಯವರಾದ್ದರಿಂದ ಇಲ್ಲಿಯ ಮಾತು, ಬರಹ ಎರಡೂ ಅವರಿಗೆ ಬರುತ್ತಿದ್ದವು.

"ಅಮ್ಮಾ, ಹತ್ತು ದಿನದಿಂದ ನಿಮ್ಮ ದೇಶ ಸುತ್ತಿದೀನಿ," ಎಂದರು ಅವರು. "ನೀವು ಯಾಕೆ ಗೆಲ್ತೀರಿ ಅಂತ ಹತ್ತು ಜನರನ್ನ ಕೇಳಿದೆ, ಹನ್ನೊಂದು ಕಾರಣ ಸಿಕ್ತು. ನಮ್ಮಲ್ಲಿ ಮನೆಗೊಂದು ಒಳ್ಳೆ ಯಂತ್ರ ಇದೆ. ಮಕ್ಕಳು ಕೋಣೆ ಬಾಗಿಲು ಹಾಕ್ಕೊಂಡು ಆಡ್ತಾರೆ. ಸೋತ್ರೆ ಯಂತ್ರ ಆರಿಸಿ ಮಲಗ್ತಾರೆ. ಅಷ್ಟೇ. ನಿಮ್ಮಲ್ಲಿ ಸೋತ್ರೆ ಏನ್ಮಾಡ್ತಾರೆ?"

ಇಪ್ಪತ್ತೆಂಟು ವರ್ಷಗಳಲ್ಲಿ ಟೀಚರನ್ನು ಯಾರೂ ಕೇಳದೆ ಉಳಿದ ಪ್ರಶ್ನೆ ಇದು. ಅವರ ಮುಖ ಅರಳಿತು. ಕಪಾಟಿನ ಎರಡೂ ಬಾಗಿಲು ತೆರೆದು ನಲವತ್ತಮೂರು ಪುಸ್ತಕಗಳನ್ನೂ ತೋರಿಸಿದರು. ಕಿಟಕಿಯ ಬಳಿ ಬೆಳಕಿರುವ ಮೇಜು ಖಾಲಿ ಮಾಡಿಸಿ ಕೊಟ್ಟರು. ತರಬೇತುದಾರರು ಸೋಮವಾರ, ಮಂಗಳವಾರ, ಬುಧವಾರ ಅಲ್ಲೇ ಕುಳಿತು ಓದಿದರು. ಅತ್ಯುತ್ತಮ ಆಟಗಾರರ ಪುಟಗಳು ಯಾವುವೆಂದು ಅವರು ಕೇಳಿದಾಗ, ಟೀಚರು ತಾವೇ ಕಾಗದದ ಚೀಟಿಗಳನ್ನು ಕತ್ತರಿಸಿ ಪುಟಪುಟಕ್ಕೆ ಸಿಕ್ಕಿಸಿ ಕೊಟ್ಟರು. ಅರ್ಧಕ್ಕರ್ಧ ಚೀಟಿಗಳು ಗುಬ್ಬಿಯ ಪುಟಗಳಲ್ಲಿದ್ದವು.

ಗುಬ್ಬಿ ಅಂಚೆ ಹಂಚುವ ಹೆಂಗಸಿನ ಮಗಳು. 2003ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಮೊದಲ ಸಲ ಬಂದಾಗ ಕುರ್ಚಿಯ ತುದಿಯಲ್ಲಿ ಕಾಲು ನೆಲಕ್ಕೆ ತಾಗದಂತೆ ಕುಳಿತಿದ್ದಳು, ಹಾಗಾಗಿ ಆ ಹೆಸರು. ಅವಳು ಬರೆದ ಮೊದಲ ಸೋಲು: "ಅಳುತ್ತ ಕೂತೆ. ಅಷ್ಟರಲ್ಲಿ ಎರಡು ಗೋಡೆ ಬಿದ್ದವು." ಈಗ ಅವಳಿಗೆ ಇಪ್ಪತ್ತು ವರ್ಷ. ಆ ವರ್ಷ ಪ್ರತಿ ದೇಶದಿಂದ ಒಬ್ಬರೇ ಆಡಬೇಕಾಗಿತ್ತು, ಈ ದೇಶದ ಪರವಾಗಿ ಆಯ್ಕೆಯಾದವಳು ಗುಬ್ಬಿ.

ತರಬೇತುದಾರರು ಕೈ ಮುಗಿದು ಹೊರಟ ಮೇಲೆ ನಾದಿನಿ ತನ್ನ ಮೇಜಿನಿಂದ ಕೇಳಿದಳು: "ಎಲ್ಲ ಕೊಟ್ಟಾಯ್ತಾ ಅತ್ತಿಗೆ? ಮನೆ ಬೀಗದ ಕೈ ಒಂದು ಉಳೀತಲ್ಲ, ಕೂಗಿ ಕರೀಲಾ?"

"ಓದೋಕೆ ಬಂದವರಿಗೆ ಓದೋಕೆ ಕೊಟ್ಟೆ. ಅದರಲ್ಲೇನು?"

"ಏನಿಲ್ಲ. ನಾಳೆ ನಮ್ಮ ಹುಡುಗಿ ಎದುರಿಗೆ ಕೂರೋದು ಅವರ ಹುಡುಗ. ಅಷ್ಟೇ."

ಆ ಕ್ಷಣದವರೆಗೆ ಟೀಚರಿಗೆ ಅದು ಹೊಳೆದೇ ಇರಲಿಲ್ಲ. ಪುಸ್ತಕ ಎಂದರೆ ಓದುವುದಕ್ಕೆ ಇರುವುದು ಎಂಬುದರ ಆಚೆಗೆ ಅವರ ತಲೆ ಓಡಿಯೇ ಇರಲಿಲ್ಲ. ಆ ದಿನ ಅವರು ಹತ್ತು ನಿಮಿಷ ಮೊದಲೇ ದೀಪ ಆರಿಸಿದರು.

ಸುದ್ದಿ ರಾಜಧಾನಿಗೆ ಮುಟ್ಟಲು ಮೂರು ವಾರ ಹಿಡಿಯಿತು. ಅಕ್ಟೋಬರ್ ಮೂರರಂದು ಸಂಘದ ಕಾರ್ಯದರ್ಶಿಗಳು ಕಾರಿನಲ್ಲಿ ಬಂದಿಳಿದರು. ಎಂದೂ ಬಾರದವರು ಬಂದದ್ದು ನೋಡಿ ಬೆಂಚಿನವರು ಎದ್ದು ನಿಂತರು.

"ಮೇಡಂ, ಬೇರೆ ದೇಶದವರು ಇಂಥದ್ದನ್ನ ಬೀರುವಿನಲ್ಲಿಟ್ಟು ಕಾವಲು ಹಾಕ್ತಾರೆ. ನೀವು ಚೀಟಿ ಅಂಟಿಸಿ ಕೊಟ್ಟಿದೀರಿ."

"ಅಂಟಿಸಲಿಲ್ಲ. ಸಿಕ್ಕಿಸಿದೆ," ಎಂದರು ಟೀಚರು. ಆದರೆ ಅವರ ದನಿಯಲ್ಲಿ ಎಂದಿನ ಬಿಗಿ ಇರಲಿಲ್ಲ.

ಕಾರ್ಯದರ್ಶಿಗಳು ಖಡಾಖಂಡಿತವಾಗಿ ಹೇಳಿ ಹೋದರು. ಗುಬ್ಬಿ ಪಕ್ಕದ ದೇಶದವರ ಕೈಯಲ್ಲಿ ಸೋತರೆ ನಲವತ್ತಮೂರೂ ಪುಸ್ತಕಗಳು ರಾಜಧಾನಿಗೆ ಹೋಗಬೇಕು, ಸಂಘದ ಬೀರುವಿನೊಳಗೆ, ಬೀಗದ ಹಿಂದೆ. ಉಳಿದ ಮೂವತ್ತೊಂದು ಕೋಣೆಗಳಿಗೂ ಅದೇ ಆಜ್ಞೆ. ಒಪ್ಪದ ಕೋಣೆಗೆ ಮಾನ್ಯತೆ ಇಲ್ಲ. ಮಾನ್ಯತೆ ಇಲ್ಲದ ಕೋಣೆಯವರು ದೇಶದ ಪರವಾಗಿ ಆಡುವಂತಿಲ್ಲ. "ಇನ್ನೊಂದು ಮಾತು. ಆ ಹುಡುಗಿಗೆ ಇದೆಲ್ಲ ಹೇಳಬೇಡಿ. ಮನಸ್ಸು ಕೆಟ್ಟರೆ ಆಟ ಕೆಡುತ್ತೆ."

ಟೀಚರು ಹೇಳಲಿಲ್ಲ. ತಪ್ಪು ಮಾಡಿದವರು ಅದನ್ನು ಕೂಡಲೇ ಬರೆದು ಎಲ್ಲರಿಗೂ ಕಾಣುವಂತಿಡಬೇಕೆಂದು ಇಪ್ಪತ್ತೆಂಟು ವರ್ಷ ಕಲಿಸಿದವರು, ಒಟ್ಟು ಎಂಟು ವಾರ ತಮ್ಮ ತಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದರು. ಗುಬ್ಬಿ ಅಭ್ಯಾಸಕ್ಕೆ ಬಂದಾಗ ಅವಳ ಬೆನ್ನ ಹಿಂದೆ ನಿಲ್ಲುವುದನ್ನು ಬಿಟ್ಟು ಕಿಟಕಿಯ ಬಳಿ ನಿಲ್ಲುತ್ತಿದ್ದರು.

ಪಂದ್ಯಾವಳಿ ಆ ವರ್ಷ ಈ ದೇಶದ ರಾಜಧಾನಿಯಲ್ಲೇ ನಡೆಯಿತು. ನವೆಂಬರ್ ಹನ್ನೆರಡರ ಶನಿವಾರ ಗುಬ್ಬಿ ಇಬ್ಬರನ್ನು ಸೋಲಿಸಿ ಅಂತಿಮ ಸುತ್ತು ಮುಟ್ಟಿದಳು. ಇನ್ನೊಂದು ಕಡೆಯಿಂದ ಅದೇ ಸುತ್ತಿಗೆ ಬಂದವನು ಪಕ್ಕದ ದೇಶದ ಹುಡುಗ, ತೆಳ್ಳಗೆ, ಕನ್ನಡಕ, ಹತ್ತೊಂಬತ್ತು ವರ್ಷ. ಮರುದಿನ ಮಧ್ಯಾಹ್ನ ಮೂರಕ್ಕೆ ಮೂರು ಆಟ. ಎರಡು ಗೆದ್ದವರಿಗೆ ಬಟ್ಟಲು. ಕ್ರೀಡಾಂಗಣದಲ್ಲಿ ಆರು ಸಾವಿರ ಜನ, ದೊಡ್ಡ ಪರದೆ. ಆಟಗಾರ್ತಿಯ ಜೊತೆಗಾರರಾಗಿ ಟೀಚರಿಗೂ ನಾದಿನಿಗೂ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಅದೇ ಸಾಲಿನ ಕೊನೆಯಲ್ಲಿ ಕಾರ್ಯದರ್ಶಿಗಳು.

ಮೊದಲ ಆಟ ನಲವತ್ತು ನಿಮಿಷವೂ ನಡೆಯಲಿಲ್ಲ. ಗುಬ್ಬಿಯ ಸೈನ್ಯ ಎಂದಿನಂತೆ ಮುನ್ನುಗ್ಗಿತು, ಎಂದಿನಂತೆ ಅವಳ ಕಣ್ಣೂ ಸೈನ್ಯದ ಜೊತೆಗೇ ಹೋಯಿತು. ಆ ಹೊತ್ತಿಗಾಗಿಯೇ ಕಾದಿದ್ದವನಂತೆ ಹುಡುಗ ಇಪ್ಪತ್ತು ಆಳುಗಳನ್ನು ಸುತ್ತು ಹಾಕಿಸಿ ಅವಳ ಕೋಟೆಯ ಹಿಂಬಾಗಿಲಿಗೆ ನುಗ್ಗಿಸಿದ. "ಮುಂದೆ ನುಗ್ಗುವಾಗ ಹಿಂಬಾಗಿಲು ಮರೆಯುತ್ತೇನೆ" ಎಂಬ ಸಾಲು ನಲವತ್ತೊಂದನೆಯ ಪುಸ್ತಕದ ಇನ್ನೂರ ಹನ್ನೊಂದನೆಯ ಪುಟದಲ್ಲಿತ್ತು. ಟೀಚರಿಗೆ ಪುಟದ ಸಂಖ್ಯೆಯ ಜೊತೆಗೆ, ಅಲ್ಲಿ ಸಿಕ್ಕಿಸಿದ ಚೀಟಿಯನ್ನು ತಾವು ಕತ್ತರಿಸಿದ ಕತ್ತರಿಯೂ ಕಣ್ಣಿಗೆ ಕಟ್ಟಿತು.

ಆಟಗಳ ನಡುವೆ ಹದಿನೈದು ನಿಮಿಷದ ಬಿಡುವು. ಪರದೆಯ ಹಿಂದಿನ ಸಣ್ಣ ಕೋಣೆಯಲ್ಲಿ ಗುಬ್ಬಿ ನೀರು ಕುಡಿಯುತ್ತಿದ್ದಳು. ಟೀಚರು ಒಳಗೆ ಹೋದವರೇ ಕುಳಿತುಕೊಳ್ಳದೆ ಹೇಳಿದರು:

"ಈ ಸೋಲು ನಿಂದಲ್ಲ, ನಂದು. ಸೆಪ್ಟೆಂಬರ್ ಹನ್ನೆರಡರಿಂದ ಹದಿನಾಲ್ಕರವರೆಗೆ ಅವರ ತರಬೇತುದಾರರು ನಮ್ಮಲ್ಲಿ ಕೂತು ನಿನ್ನ ಪುಟ ಎಲ್ಲ ಓದಿದಾರೆ. ಹುಡುಕೋ ಕಷ್ಟ ಬೇಡ ಅಂತ ನಾನೇ ಚೀಟಿ ಇಟ್ಟು ಕೊಟ್ಟೆ. ಎಂಟು ವಾರದಿಂದ ನಿನಗೆ ಹೇಳಲಿಲ್ಲ. ಅದು ಎರಡನೇ ತಪ್ಪು."

ಗುಬ್ಬಿ ಬಾಟಲಿ ಕೆಳಗಿಟ್ಟಳು. "ಗೊತ್ತು ಟೀಚರ್."

"ಏನು ಗೊತ್ತು?"

"ಮಂಗಳವಾರ ನೀವಿಬ್ರೂ ಊಟಕ್ಕೆ ಹೋದಾಗ ನಾನು ಬಂದೆ, ಅವರು ಕಿಟಕಿ ಹತ್ರ ಕೂತಿದ್ರು. ನನ್ನ ಕೈಬರಹ ಒಂದು ಕಡೆ ಓದೋಕಾಗ್ಲಿಲ್ಲ ಅಂತ ನನ್ನನ್ನೇ ಕರೆದು ಕೇಳಿದ್ರು. ಹಿಂಬಾಗಿಲಿನ ಸಾಲೇ ಅದು. ನಾನೇ ಓದಿ ಹೇಳ್ದೆ. ಅರ್ಥ ಆಗ್ಲಿ ಅಂತ ಕಾಗದದ ಮೇಲೆ ಕೋಟೆ ಬರೆದೂ ತೋರಿಸ್ದೆ."

ಟೀಚರು ಕುಳಿತುಕೊಂಡರು. ಬಾಗಿಲಲ್ಲಿ ನಿಂತಿದ್ದ ನಾದಿನಿ ಹಣೆ ಹಣೆ ಬಡಿದುಕೊಂಡಳು. "ಒಬ್ಬರು ಚೀಟಿ ಇಟ್ರು, ಇನ್ನೊಬ್ಬಳು ಚಿತ್ರ ಬರೆದುಕೊಟ್ಲು. ನನಗೊಬ್ಬಳಿಗೇ ಏನೂ ಕೆಲಸ ಕೊಡ್ಲಿಲ್ಲ ನೋಡಿ. ಕೊಟ್ಟಿದ್ರೆ ನಾನು ಬಸ್ ಹತ್ತಿಸಿ ಬರ್ತಿದ್ದೆ."

ಗುಬ್ಬಿ ನಗುತ್ತಲೇ ಒಂದು ಹಾಳೆ ಕೇಳಿದಳು. ಟೀಚರ ಕೈಚೀಲದಲ್ಲಿ ಹಾಳೆ ಇಲ್ಲದಿರುವುದುಂಟೇ. ತಾರೀಖು ಹಾಕಿದಳು, ವೇಳೆ ಹಾಕಿದಳು, ಬರೆದಳು: "ಅವನಿಗೆ ನನ್ನ ಹಳೆಯ ತಪ್ಪು ಗೊತ್ತೆಂದು ನನಗೆ ಗೊತ್ತಿತ್ತು. ಅವನು ಅದನ್ನು ನಂಬಿ ಬರುತ್ತಾನೆಂದು ಯೋಚಿಸಲಿಲ್ಲ." ಓದಿ ನೋಡಿಕೊಂಡು ಎದ್ದಳು.

ಎರಡನೆಯ ಆಟದಲ್ಲಿ ಅವಳ ಸೈನ್ಯ ಮತ್ತೆ ಮುನ್ನುಗ್ಗಿತು, ಹಿಂಬಾಗಿಲು ಮತ್ತೆ ತೆರೆದೇ ಇತ್ತು. ಹುಡುಗನ ಇಪ್ಪತ್ತು ಆಳುಗಳು ಸುತ್ತು ಹಾಕಿ ಒಳಗೆ ಬಂದರು. ಬಂದವರು ಹೊರಗೆ ಹೋಗಲಿಲ್ಲ. ಒಳಗೋಡೆಯ ಮರೆಯಲ್ಲಿ ಗುಬ್ಬಿ ಅರ್ಧ ಸೈನ್ಯವನ್ನು ಅಡಗಿಸಿಟ್ಟಿದ್ದಳು. ಆರು ಸಾವಿರ ಜನ ಎದ್ದು ನಿಂತರು. ಆಟ ಇಪ್ಪತ್ತೇಳನೆಯ ನಿಮಿಷಕ್ಕೆ ಮುಗಿಯಿತು. ಕಾರ್ಯದರ್ಶಿಗಳು ಪಕ್ಕದವರ ಕೈ ಕುಲುಕಿ, ಇದು ಸಂಘದ ತರಬೇತಿಯ ವಿಧಾನ ಎಂದು ವಿವರಿಸುತ್ತಿದ್ದರು.

ಎರಡನೆಯ ಬಿಡುವಿನಲ್ಲಿ ಟೀಚರು ಎದುರು ಕೋಣೆಯನ್ನು ದಾಟಿ ಹೋಗಬೇಕಾಯಿತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ತರಬೇತುದಾರರು ತಮ್ಮ ಹುಡುಗನ ಮುಂದೆ ಒಂದು ಹಾಳೆ, ಒಂದು ಪೆನ್ನು ಇಟ್ಟು, ಕೈಕಟ್ಟಿ ಸುಮ್ಮನೆ ನಿಂತಿದ್ದರು. ಹುಡುಗ ಕನ್ನಡಕ ಬದಿಗಿಟ್ಟು, ಬಗ್ಗಿ, ಬರೆಯುತ್ತಿದ್ದ. ಕನ್ನಡಕವಿಲ್ಲದ ಆ ಮುಖದಲ್ಲಿ ಅವಮಾನವಿತ್ತು, ಆದರೂ ಪೆನ್ನು ನಿಂತಿರಲಿಲ್ಲ. ಟೀಚರು ಮೂರು ಹೆಜ್ಜೆ ಮುಂದೆ ಹೋಗಿ ಗೋಡೆ ಹಿಡಿದು ನಿಂತರು.

"ಏನಾಯ್ತು ಅತ್ತಿಗೆ? ತಲೆ ಸುತ್ತುತ್ತಾ?"

"ಇಲ್ಲ. ಚೆನ್ನಾಗಿ ಕೂತಿದಾನೆ ಆ ಹುಡುಗ. ಬೆನ್ನು ನೆಟ್ಟಗೆ."

"ನಿಮಗೆ ಯಾರ ಕಡೆ ಅಂತ ನೆನಪಿದೆಯಲ್ಲ?"

"ನೆನಪಿದೆ," ಎಂದರು ಟೀಚರು. "ಈ ಆಟ ಮಾತ್ರ ತುಂಬ ಹೊತ್ತು ನಡೆಯುತ್ತೆ, ನೋಡ್ತಿರು."

ಒಂದು ಗಂಟೆ ಹನ್ನೆರಡು ನಿಮಿಷ ನಡೆಯಿತು. ಅಷ್ಟು ದೀರ್ಘವಾದ ಅಂತಿಮ ಆಟ ಆ ಪಂದ್ಯಾವಳಿಯಲ್ಲಿ ಅದಕ್ಕೆ ಮೊದಲು ನಡೆದಿರಲಿಲ್ಲ. ಗುಬ್ಬಿ ಹೊಸದೊಂದು ಬಲೆ ಬೀಸಿದರೆ ಹುಡುಗ ಅದನ್ನು ದೂರದಿಂದಲೇ ಕಂಡು ಸುತ್ತಿ ಹೋಗುತ್ತಿದ್ದ. ಅವನು ಹೂಡಿದ್ದನ್ನು ಅವಳು ಮುರಿಯುತ್ತಿದ್ದಳು. ಇಬ್ಬರ ಕೋಟೆಯಲ್ಲೂ ಒಂದೊಂದೇ ಗೋಡೆ ಉಳಿದಾಗ ಅಷ್ಟು ದೊಡ್ಡ ಅಂಗಣದಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಕೊನೆಗೆ, ಏಳು ಆಳುಗಳ ಅಂತರದಲ್ಲಿ, ಗುಬ್ಬಿಯ ಗೋಡೆ ಮೊದಲು ಬಿತ್ತು.

ಬಟ್ಟಲು ಪಕ್ಕದ ದೇಶಕ್ಕೆ ಹೋಯಿತು. ಅವರಿಗೆ ಅದು ಮೊದಲನೆಯದು.

ಗುಬ್ಬಿ ಎದ್ದು ಹೋಗಿ ಹುಡುಗನ ಕೈ ಕುಲುಕಿ ಕೆಳಗಿಳಿದು ಬಂದಳು. ಕಣ್ಣು ಕೆಂಪಾಗಿತ್ತು. ಕಾರ್ಯದರ್ಶಿಗಳು ಆಗಲೇ ಟೀಚರ ಎದುರು ನಿಂತಿದ್ದರು. "ನಾನು ಹೇಳಿದ್ದೇ ಆಯ್ತಲ್ಲ ಮೇಡಂ. ನಾಳೆ ಗಾಡಿ ಕಳಿಸ್ತೀನಿ. ಪುಸ್ತಕ ಎಲ್ಲ ಕಟ್ಟಿ ಇಟ್ಟಿರಿ."

ಟೀಚರು ಉತ್ತರ ಕೊಡುವ ಮುನ್ನ ತರಬೇತುದಾರರು ಹುಡುಗನನ್ನು ಕರೆದುಕೊಂಡು ಅಲ್ಲಿಗೇ ಬಂದರು. ಬಟ್ಟಲನ್ನು ಹುಡುಗ ಕಂಕುಳಲ್ಲಿ ಅವುಚಿಕೊಂಡಿದ್ದ.

"ಅಮ್ಮಾ, ಗೆದ್ದ ಮೇಲೆ ಕೇಳೋದು ಸರಿಯೋ ಅಲ್ಲವೋ ಗೊತ್ತಿಲ್ಲ. ಜನವರಿಯಲ್ಲಿ ಇವನನ್ನ ಎರಡು ತಿಂಗಳು ನಿಮ್ಮ ಹತ್ರ ಕಳಿಸಲಾ? ನನಗೆ ಓದೋಕೆ ಬಂತು. ಬರೆಸೋದು ಇನ್ನೂ ಸರಿಯಾಗಿ ಬಂದಿಲ್ಲ."

"ನೋಡಿದ್ರಾ, ನೋಡಿದ್ರಾ," ಎಂದರು ಕಾರ್ಯದರ್ಶಿಗಳು. "ಉಳಿದದ್ದನ್ನೂ ಒಯ್ಯೋಕೆ ಬಂದ್ರು."

ಟೀಚರು ಗುಬ್ಬಿಯ ಕಡೆ ತಿರುಗಿದರು. "ಸೋತವಳು ನೀನು. ನೀನು ಹೇಳು."

ಗುಬ್ಬಿ ಮೂಗು ಒರೆಸಿಕೊಂಡಳು. "ಬರ್ಲಿ ಟೀಚರ್. ನಮ್ಮೂರಲ್ಲಿ ನನ್ನನ್ನ ಸೋಲಿಸೋರು ಯಾರೂ ಉಳಿದಿಲ್ಲ. ಇವನ ಕೈಯಲ್ಲಿ ಇನ್ನೊಂದು ಮೂವತ್ತು ಸಲ ಸೋತ್ರೆ ಮುಂದಿನ ವರ್ಷ ಸೋಲಲ್ಲ."

ಟೀಚರು ಕಾರ್ಯದರ್ಶಿಗಳಿಗೆ, ಪಾಠ ಹೇಳುವ ಅದೇ ದನಿಯಲ್ಲಿ, ಹೇಳಿದರು: "ಗಾಡಿ ಕಳಿಸಬೇಡಿ. ಈ ಹುಡುಗ ಇವತ್ತು ಗೆದ್ದಿದ್ದು ನಮ್ಮ ಗುಟ್ಟಿನಿಂದ ಅಲ್ಲ. ಗುಟ್ಟು ಮೊದಲನೇ ಆಟಕ್ಕೇ ಖರ್ಚಾಗಿಹೋಯ್ತು. ಎರಡನೇ ಆಟ ಸೋತಮೇಲೆ ಕೂತು ಬರೆದನಲ್ಲ, ಅದರಿಂದ ಗೆದ್ದ. ಬೀರುವಿಗೆ ಬೀಗ ಹಾಕಿದ್ರೆ ನಮ್ಮ ಮಕ್ಕಳೂ ಬಾಗಿಲು ಹಾಕ್ಕೊಂಡು ಆಡೋರೇ ಆಗ್ತಾರೆ. ಮಾನ್ಯತೆ ತೆಗೀತೀರಾದ್ರೆ ತೆಗೀರಿ, ಪತ್ರದಲ್ಲಿ ಬರೆದು ತಿಳಿಸಿ. ತಾರೀಖು ಹಾಕಿ."

ನವೆಂಬರ್ ಹದಿನಾಲ್ಕರಿಂದ ಮೂವತ್ತರ ಒಳಗೆ ಸಂಘದ ಕಚೇರಿಗೆ ಮೂವತ್ತೊಂದು ಪತ್ರಗಳು ಬಂದವು, ಆಟದ ಕೋಣೆಗೊಂದು. ಎಲ್ಲವುಗಳ ಸಾರ ಒಂದೇ: ಟೀಚರ ಪುಸ್ತಕಕ್ಕೆ ಬೀಗ ಬೀಳುವುದಾದರೆ ನಮ್ಮ ಕೋಣೆಯ ಮಾನ್ಯತೆಯನ್ನೂ ಇಂದೇ ಹಿಂದಕ್ಕೆ ಪಡೆಯಿರಿ. ಎಲ್ಲವೂ ಟೈಪ್ ಮಾಡಿದವು. ಎಡಬದಿಯ ಅಂಚು ಸಮ, ಒಂದರಲ್ಲೂ ಒಂದೇ ಒಂದು ತಪ್ಪಿಲ್ಲ. ಮೂವತ್ತೆರಡು ಕೋಣೆಗಳನ್ನು ಬಿಟ್ಟರೆ ದೇಶದ ಪರವಾಗಿ ಆಡಲು ಯಾರೂ ಉಳಿಯುವುದಿಲ್ಲವೆಂಬ ಲೆಕ್ಕ ಸಂಘಕ್ಕೂ ಬರುತ್ತಿತ್ತು. ಡಿಸೆಂಬರ್ ಐದರಂದು ಉತ್ತರ ಹೊರಟಿತು: ವಿಷಯವನ್ನು ಪರಿಶೀಲನೆಯಲ್ಲಿ ಇರಿಸಲಾಗಿದೆ. ಕಚೇರಿಗಳ ಭಾಷೆ ಬಲ್ಲ ನಾದಿನಿ ಅದನ್ನು ಓದಿ, "ಹಾಗಾದ್ರೆ ಮುಗೀತು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇದು ಮೇಲಕ್ಕೇಳಲ್ಲ," ಎಂದು ಮಡಿಸಿಟ್ಟಳು.

2012ರ ಬಟ್ಟಲನ್ನು ಗುಬ್ಬಿ ಗೆದ್ದಳು, 2013ರದ್ದನ್ನು ಆ ಹುಡುಗ. ಅಲ್ಲಿಂದ 2019ರವರೆಗೆ ಅಂತಿಮ ಸುತ್ತಿನಲ್ಲಿ ಈ ಎರಡು ದೇಶಗಳ ಹೊರತು ಮೂರನೆಯದು ಕಾಲಿಡಲಿಲ್ಲ. ಕಾರಣ ಕೇಳಿದವರಿಗೆ ದೂರವಾಣಿಯ ಎಂಜಿನಿಯರು ಈಗ ಎರಡೂ ದೇಶಗಳ ತಂತಿಯನ್ನು ಹೊಗಳುತ್ತಾರೆ.

ಆದರೆ ಆ ಬೀದಿಯವರು ಇಂದಿಗೂ ನೆನೆಯುವ ದಿನ ಅವುಗಳಲ್ಲಿ ಯಾವುದೂ ಅಲ್ಲ. 2012ರ ಜನವರಿ ಹದಿನಾರು, ಸೋಮವಾರ. ಅಂದು ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಟೀಚರು ಎಂಟಕ್ಕೇ ಹೋಗಿ ನಿಂತಿದ್ದರು. ಕನ್ನಡಕದ ಹುಡುಗ ಒಂದು ಚೀಲ ಹೊತ್ತು ಇಳಿದ. ಬಸ್ ನಿಲ್ದಾಣದಿಂದ ಔಷಧದಂಗಡಿಗೆ ಹನ್ನೆರಡು ನಿಮಿಷದ ದಾರಿ. ಅಂದು ಅವರಿಬ್ಬರಿಗೆ ಐವತ್ತು ನಿಮಿಷ ಹಿಡಿಯಿತು. ಹೂವಿನವಳು, ಕ್ಷೌರದಂಗಡಿಯವನು, ಬೀಗ ರಿಪೇರಿಯವನು, ಹಳೆಯ ದರ್ಜಿ, ಪ್ರತಿ ಅಂಗಡಿಯ ಮುಂದೆ ಟೀಚರು ನಿಂತರು. ಹುಡುಗನನ್ನು ತೋಳು ಹಿಡಿದು ಮುಂದಕ್ಕೆ ನಿಲ್ಲಿಸಿದರು.

"ಇವನೇ," ಎಂದರು, ತಮ್ಮ ಮನೆಯ ಮಗ ಮೊದಲನೆಯ ದರ್ಜೆಯಲ್ಲಿ ಪಾಸಾಗಿ ಬಂದಿದ್ದಾನೆ ಎನ್ನುವ ದನಿಯಲ್ಲಿ. "ನಮ್ಮ ಗುಬ್ಬಿಯನ್ನ ಸೋಲಿಸಿದ್ದು ಇವನೇ."